ಪುಟ್ಟಿ, ಹೋಗಿ ಬಾ, ಆದ್ರೆ ಮೊದಲನೇ ದಿನದಿಂದ ಬರೀತಾ ಇರು

ಪುಟ್ಟಿ, ಬಿಎ ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್‌ಗೆ ಯೂರೋಪಿಗೆ ಹೋಗ್ಲಾ ಬೇಡ್ವಾ ಅಂತ ಕೇಳಿದ್ಯಲ್ಲ, ಈಗ ನೋಡ್ದೆ ಕಣೆ. ದೊಡ್ಡಪ್ಪ ಬರ್ದಿದ್ದೂ ಓದ್ದೆ, ಸೋಶಿಯಾಲಜಿಗೆ ಲ್ಯಾಬ್ ಇದ್ಯಾ ಏನು, ಪುಸ್ತಕ ಇಲ್ಲೇ ಸಿಗುತ್ತೆ, ಎಂಎಗೆ ಹೋಗ್ಲಿ ಬಿಡು ಅಂತ. ದೊಡ್ಡಪ್ಪ ಬೇಜಾರ್ ಮಾಡ್ಕೋಬೇಡಿ, ಖರ್ಚಿನ ಮಾತು ಸರಿ, ಆದ್ರೆ ಲ್ಯಾಬ್ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ, ಜನ ಬದುಕೋ ಜಾಗನೇ ಈ ಸಬ್ಜೆಕ್ಟಿಗೆ ಲ್ಯಾಬು.

ನಾನೂ ಹಿಂಗೇ ಎಕ್ಸ್‌ಚೇಂಜ್‌ಗೆ ಹೋದಾಗ ಹಾಸ್ಟೆಲ್ ನೆಲಮಾಳಿಗೇಲಿ ಎಲ್ರಿಗೂ ಸೇರಿ ಎರಡೇ ವಾಷಿಂಗ್ ಮಷೀನ್, ಗೋಡೆ ಮೇಲೆ ಒಂದು ಹಾಳೆ, ಅದ್ರಲ್ಲಿ ರೂಮ್ ನಂಬರ್ ಬರ್ದು ಟೈಮ್ ಹಿಡ್ಕೋಬೇಕು. ಒಂದಿನ ಹತ್ತು ನಿಮಿಷ ಲೇಟಾಗಿ ಇಳಿದು ಹೋದ್ರೆ ನನ್ನ ಒದ್ದೆ ಬಟ್ಟೆ ಎಲ್ಲಾ ತೆಗೆದು ಮೇಜಿನ ಮೇಲೆ ನೀಟಾಗಿ ಮಡಚಿ ಇಟ್ಟಿದ್ರು, ಒಂದು ಚೀಟಿ ಇಲ್ಲ, ಒಬ್ರೂ ಒಂದು ಮಾತು ಆಡ್ಲಿಲ್ಲ, ನಂಗೆ ಅಳುನೇ ಬಂದ್ಬಿಡ್ತು. ರಾತ್ರಿ ಡೈರಿಗೆ ಬರೀವಾಗ ಹೊಳೀತು, ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಡರ್ಖೈಮ್ 1895ರಲ್ಲಿ ಹೇಳಿದ ಸೋಶಿಯಲ್ ಫ್ಯಾಕ್ಟ್ ಅಂದ್ರೆ ಇದೇ ಅಲ್ವಾ ಅಂತ. ಸಮಾಜದ ಕಟ್ಟುಪಾಡು ನಮ್ಮ ಹೊರಗಿಂದ ಬರುತ್ತೆ, ಒತ್ತಾಯ ಮಾಡುತ್ತೆ ಅಂತ ಪರೀಕ್ಷೆಗೆ ಉರು ಹೊಡೆದು ಮಾರ್ಕ್ಸ್ ತಗೊಂಡಿದ್ದೆ, ಅರ್ಥ ಆಗಿದ್ದು ಆ ಒದ್ದೆ ಬಟ್ಟೆ ಎತ್ಕೊಂಡು ಮೆಟ್ಲು ಹತ್ತಿದ ದಿನ.

ಅದಕ್ಕೇ ಹೇಳೋದು, ಇಳಿದ ದಿನದಿಂದ್ಲೇ ಬರಿ. ಸಣ್ಣದು ಅನ್ಸಿದ್ರೂ ಬರಿ, ಲಿಫ್ಟಲ್ಲಿ ಜನ ಎಲ್ಲಿ ನಿಂತ್ಕೋತಾರೆ, ಕ್ಲಾಸಲ್ಲಿ ಮೇಷ್ಟ್ರನ್ನ ಹೇಗೆ ಕರೀತಾರೆ, ಯಾರು ಮಾತಾಡ್ತಾರೆ ಯಾರು ಸುಮ್ನಿರ್ತಾರೆ. ಒಂದು ತಿಂಗಳು ಕಳೆದ್ರೆ ಕಣ್ಣು ಪಳಗಿಬಿಡುತ್ತೆ, ಆಮೇಲೆ ಏನೂ ವಿಚಿತ್ರ ಅನ್ಸಲ್ಲ. ಜರ್ಮನಿಯ ಸಮಾಜಶಾಸ್ತ್ರಜ್ಞ ಸಿಮ್ಮೆಲ್ 1908ರಲ್ಲಿ ಅಪರಿಚಿತನ ಬಗ್ಗೆ ಬರೆದದ್ದು ಓದ್ಕೊಂಡು ಹೋಗು, ಇವತ್ತು ಬಂದು ನಾಳೆ ಹೋಗೋನಲ್ಲ, ನಾಳೆನೂ ಉಳಿಯೋನು ಅಂತಾನೆ, ನಿಂದೂ ಅಲ್ಲಿ ಅದೇ ಸ್ಥಿತಿ.

ಬರೆದಿದ್ನ ಎರಡು ಬೇರೆ ಬೇರೆ ಕಡೆ ಇಡು. ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವ್ರು ಹಳ್ಳಿ ಅಧ್ಯಯನದ ನೋಟ್ಸ್ ವಿಂಗಡಿಸಿ ಸಿದ್ಧ ಮಾಡಿದ್ರು, 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಬೆಂಕಿ ಬಿದ್ದು ಮೂರೂ ಪ್ರತಿ ಸುಟ್ಟುಹೋಯ್ತು, ಪಾಪ ನೆನಪಿಂದ್ಲೇ ಕೂತು ಪುಸ್ತಕ ಬರೆದ್ರು. ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಹೊಟ್ಟೇಲಿ ಸಂಕಟ ಆಗುತ್ತೆ.

ಇನ್ನೊಂದು, ಕ್ರೆಡಿಟ್. ಅಲ್ಲಿ ವರ್ಷಕ್ಕೆ 60 ಇಸಿಟಿಎಸ್ (ಯೂರೋಪಿನ ಕ್ರೆಡಿಟ್ ಲೆಕ್ಕ), ಸೆಮಿಸ್ಟರ್‌ಗೆ 30, ಅದು ನಿಮ್ಮ ಕಾಲೇಜಿನ ಲೆಕ್ಕಕ್ಕೆ ಹೇಗೆ ಬರುತ್ತೆ ಅಂತ ಹೊರಡೋ ಮುಂಚೆನೇ ಬರವಣಿಗೇಲಿ, ಸಹಿ ಸೀಲು ಹಾಕಿಸ್ಕೋ. ನನಗೆ ಬಾಯಲ್ಲಿ ಹೂಂ ಅಂದು, ವಾಪಸ್ ಬಂದ್ಮೇಲೆ ಎರಡು ಪೇಪರ್ ಒಪ್ಪದೆ ಮತ್ತೆ ಬರೆಸಿದ್ರು. ಹೋದ ಕಡೆ ಥಿಯರಿ ಒಂದು ಸಾಕು, ರಿಸರ್ಚ್ ಮೆಥಡ್ಸ್ ಮಾತ್ರ ಬಿಡ್ಬೇಡ, ಆದ್ರೆ ಅಸೈನ್‌ಮೆಂಟಿಗೆ ಯಾರನ್ನಾದ್ರೂ ಇಂಟರ್‌ವ್ಯೂ ಮಾಡೋದಾದ್ರೆ ಎಥಿಕ್ಸ್ ಪರ್ಮಿಶನ್, ಅಂದ್ರೆ ಜನರನ್ನ ಹಾಗೆ ಅಧ್ಯಯನ ಮಾಡೋಕೆ ಅಲ್ಲಿಯವ್ರ ಒಪ್ಪಿಗೆ, ಬೇಕಾ ಅಂತ ಮೊದ್ಲೇ ಕೇಳ್ಕೋ, ಅದು ಬರೋಕೆ ಟೈಮ್ ಹಿಡಿಯುತ್ತೆ.

ಕೋರ್ಸ್ ಲಿಸ್ಟ್ ಬಂದ ತಕ್ಷಣ ನಂಗೆ ಕಳ್ಸು, ಕೂತು ಒಂದೊಂದೇ ನೋಡೋಣ. ದೊಡ್ಡಪ್ಪ, ಖರ್ಚಿನ ವಿಷ್ಯ ಸಂಜೆ ಫೋನ್ ಮಾಡಿ ಮಾತಾಡ್ತೀನಿ.