ಅಜ್ಜನ ಛತ್ರಿ ಮತ್ತು ಟೋಕಿಯೋ ರೈಲು

ಭಾನುವಾರ ಬೆಳಿಗ್ಗೆ ನಮ್ಮ 'ಮನೆಮಂದಿ' ಗುಂಪಿಗೆ ಚಿಕ್ಕಮ್ಮ ಒಂದು ಫಾರ್ವರ್ಡ್ ಹಾಕಿದರು. "ಎಚ್ಚರ! ಜಪಾನಿನಲ್ಲಿ ಯೋಗ ಕಲಿಯಲು ಹೋದ ಹುಡುಗರು ಮೊನ್ನೆ ರೈಲಿನಲ್ಲಿ ವಿಷ ಬಿಟ್ಟು ಸಾವಿರಾರು ಜನರನ್ನು ಕೊಂದಿದ್ದಾರೆ. ನಿಮ್ಮ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಗಮನವಿರಲಿ." ಅವರ ಮಗ ಪುಟ್ಟ ಹತ್ತು ದಿನದ ಧ್ಯಾನ ಶಿಬಿರಕ್ಕೆ ಹೋಗಿದ್ದಾನೆ. ಅಲ್ಲಿ ಫೋನ್ ತೆಗೆದಿಟ್ಟುಕೊಂಡಿದ್ದಾರೆ. ವಿಷಯ ಇಷ್ಟೇ.

ಮೈಸೂರು ಭಾವ: ಮೊನ್ನೆ ಅಂದರೆ ಯಾವತ್ತು? ಸೋರ್ಸ್ ಕೊಡಿ.

ಚಿಕ್ಕಮ್ಮ: ಭಜನೆ ಗುಂಪಿನಲ್ಲಿ ಬಂತು.

ಮೈಸೂರು ಭಾವ: ಅದು ಸೋರ್ಸ್ ಅಲ್ಲ.

ದೊಡ್ಡಪ್ಪ: ಅಳಿಯಂದಿರೇ, ಈಗಿನವರಿಗೆ ಗುರುಹಿರಿಯರು ಬೇಡ, ಸೋರ್ಸ್ ಬೇಕು. ಯೋಗ ನಮ್ಮ ದೇಶದ್ದು. ಕೆಟ್ಟ ಹೆಸರು ತರಬೇಡಿ.

ಈ ವಿಷಯ ನಾನು ಓದಿದ್ದೆ. ಸುಮ್ನೆ ಇರಬಹುದಿತ್ತು.

ನಾನು: ಮೊನ್ನೆಯದಲ್ಲ ಚಿಕ್ಕಮ್ಮ, 1995ರ ಮಾರ್ಚ್ 20ರದ್ದು. ಪಂಥದ ಹೆಸರು ಓಮ್ ಶಿನ್‌ರಿಕ್ಯೋ. ಶೋಕೋ ಅಸಹಾರ 1984ರಲ್ಲಿ ಶುರು ಮಾಡಿದ್ದು ಯೋಗ ಕ್ಲಾಸೇ. ಆಮೇಲೆ ಪ್ರಳಯ ಬರುತ್ತೆ, ನಮ್ಮವರು ಮಾತ್ರ ಉಳಿಯುತ್ತಾರೆ ಅಂದ. 1989ರಲ್ಲಿ ಎದುರು ನಿಂತ ಒಬ್ಬ ವಕೀಲರನ್ನು ಹೆಂಡತಿ, ಮಗುವಿನ ಸಮೇತ ಕೊಂದರು. ಮರುವರ್ಷ ಚುನಾವಣೆಗೆ 25 ಜನ ನಿಂತರು, ಒಬ್ಬರೂ ಗೆಲ್ಲಲಿಲ್ಲ. ಅಲ್ಲಿಂದ ಹೊರಗಿನವರ ಮೇಲೆ ಹಗೆ ಇನ್ನೂ ಜಾಸ್ತಿಯಾಯಿತು. ಕೊಲ್ಲುವುದಕ್ಕೆ 'ಪೋವಾ' ಅನ್ನುತ್ತಿದ್ದರು, ಆತ್ಮವನ್ನು ಮೇಲಕ್ಕೆ ಕಳಿಸುವುದು ಅಂತ. ಸತ್ತವನಿಗೇ ಉಪಕಾರ! ಫ್ಯೂಜಿ ಬೆಟ್ಟದ ಬುಡದಲ್ಲಿ ಸರಿನ್ ಅನ್ನುವ ವಿಷ ತಯಾರಿಸಿದರು. ಆ ಕಟ್ಟಡದ ಹೆಸರು 'ಸತ್ಯಂ'. ಪೊಲೀಸರು ಬರುತ್ತಾರೆ ಅಂತ ಗೊತ್ತಾದಾಗ ಐವರು ಐದು ರೈಲು ಹತ್ತಿದರು. ಪೇಪರಿನಲ್ಲಿ ಸುತ್ತಿದ ಪ್ಲಾಸ್ಟಿಕ್ ಪೊಟ್ಟಣವನ್ನು ಕಾಲ ಬಳಿ ಹಾಕಿ, ಚೂಪು ಮಾಡಿದ ಛತ್ರಿ ತುದಿಯಿಂದ ಚುಚ್ಚಿ ಇಳಿದು ಹೋದರು. ಅವರಲ್ಲಿ ಒಬ್ಬ ಹೃದಯದ ಸರ್ಜನ್. ಸತ್ತವರು ಸಾವಿರಾರಲ್ಲ, 14. ನರಳಿದವರು 5 ಸಾವಿರಕ್ಕೂ ಜಾಸ್ತಿ.

ಎರಡು ನಿಮಿಷ ಗುಂಪು ಗಪ್‌ಚುಪ್.

ಹುಬ್ಬಳ್ಳಿ ಅಣ್ಣ: ಛತ್ರಿ ಅಂದ ಕೂಡಲೇ ಅಜ್ಜನ ಛತ್ರಿ ನೆನಪಾಯ್ತು. ಮರದ ಹಿಡಿಕೆ, ತುದಿಗೆ ಕಬ್ಬಿಣದ ಮೊನೆ. ಅದರಲ್ಲೇ ಪೇರಲೆಹಣ್ಣು ಕೆಡವಿ ಕೊಡ್ತಿದ್ದರು. ಎಂಥ ದಿನಗಳು!

ಅತ್ತೆ: ಆ ಛತ್ರಿ ಈಗ ಎಲ್ಲಿದೆ?

ದೊಡ್ಡಪ್ಪ ಟೈಪ್ ಮಾಡುತ್ತಿದ್ದಾರೆ ಅಂತ ಕಂಡಿತು. ಹೋಯಿತು. ಮತ್ತೆ ಕಂಡಿತು.

ದೊಡ್ಡಪ್ಪ: ಯಾರಿಗೂ ಬೇಡವಾಗಿತ್ತು. ಇಟ್ಟುಕೊಂಡೆ.

ಅತ್ತೆ: ಯಾರನ್ನ ಕೇಳಿದ್ದೆ ಅಣ್ಣಾ?

ಮೈಸೂರು ಭಾವ: ಛತ್ರಿ ಬಿಡಿ. ಅಷ್ಟು ಓದಿದ ಡಾಕ್ಟರಿಗೆ ಒಂದು ಪ್ರಶ್ನೆಯೂ ಬರಲಿಲ್ಲವಾ?

ನಾನು: ಸನ್ಯಾಸ ತಗೊಂಡವರು ಆಸ್ತಿಯನ್ನೆಲ್ಲ ಪಂಥಕ್ಕೆ ಕೊಟ್ಟೇ ಒಳಗೆ ಬರಬೇಕಿತ್ತು. ವಾಪಸ್ ಹೋಗೋಣ ಅಂದರೆ ಮನೆಯೇ ಇಲ್ಲ. ಮೇಲಿಂದ ನಿದ್ದೆ ಕಡಿಮೆ, ಊಟ ಕಡಿಮೆ. ಪ್ರಶ್ನೆ ಎಲ್ಲಿಂದ ಬರಬೇಕು?

ಈ ಮೆಸೇಜ್ ಕಳಿಸಬಾರದಿತ್ತು.

ಚಿಕ್ಕಮ್ಮ: ಸ್ವಾಮಿಗಳಿಗೆ ಬರೆದುಕೊಟ್ಟವರು ನಮ್ಮಲ್ಲೂ ಇದ್ದಾರೆ. ಕೆರೆ ಕೆಳಗಿನ ಎರಡು ಎಕರೆ.

ದೊಡ್ಡಪ್ಪ: ಅದು ದಾನ. ಆ ಸ್ವಾಮಿಗಳು ಯಾರಿಗೂ ವಿಷ ಹಾಕಿಲ್ಲ.

ಚಿಕ್ಕಮ್ಮ: ಆ ವರ್ಷ ನಮ್ಮವರ ಔಷಧಿಗೆ ದುಡ್ಡಿರಲಿಲ್ಲ.

ದೊಡ್ಡಪ್ಪ ಗುಂಪು ಬಿಟ್ಟರು. ಯುಗಾದಿಯಿಂದ ಈಚೆಗೆ ಇದು ಮೂರನೇ ಸಲ. ಮಧ್ಯಾಹ್ನ ಊಟವಾದ ಮೇಲೆ ಭಾವ ಮತ್ತೆ ಸೇರಿಸಿದರು.

ಸಂಜೆ ದೊಡ್ಡಪ್ಪನಿಂದ ಒಂದು ಫೋಟೋ ಬಂತು. ಗೋಡೆಗೆ ಒರಗಿಸಿದ ಛತ್ರಿ. ಮಾತಿಲ್ಲ.

ಅತ್ತೆ: ಬಟ್ಟೆ ಬದಲಾಯಿಸಿದ್ದೀಯ.

ಎಂಟು ಗಂಟೆಗೆ ಪುಟ್ಟ ಬಂದ.

ಪುಟ್ಟ: ಅಮ್ಮಾ, ಶಿಬಿರ ಮುಗೀತು, ಫೋನ್ ಈಗ ಕೊಟ್ಟರು. 143 ಮೆಸೇಜ್! ಯಾರಿಗೆ ಏನಾಯ್ತು? ಛತ್ರಿ ಯಾಕೆ?

ಚಿಕ್ಕಮ್ಮ: ಯಾರಿಗೂ ಏನೂ ಆಗಿಲ್ಲ. ನೀನು ಅಲ್ಲಿ ಯಾವುದಕ್ಕೂ ಸಹಿ ಹಾಕಿಲ್ಲ ತಾನೆ?