ರೋಬೋಟ್ ಕಿಟ್‌ನ ಬೆಸುಗೆ ಉಂಡೆಗಟ್ಟುತ್ತಿದೆ, ಒಂದು ಮೋಟಾರ್ ತಿರುಗುತ್ತಿಲ್ಲ

ನೀರ್ಚಾಲಿನ ಪೋಷಕ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿ ಮುಗಿಸಿದ ಮಗಳಿಗಾಗಿ ಕಳೆದ ಮಳೆಗಾಲಕ್ಕೆ ಮೊದಲೇ ತಂದಿರಿಸಿದ್ದ, ಕಪ್ಪು ಗೆರೆಯನ್ನು ಹಿಂಬಾಲಿಸಿ ಓಡುವ ರೋಬೋಟ್‌ನ ಕಿಟ್ಟನ್ನು ಈ ಬೇಸಗೆ ರಜೆಯಲ್ಲಿ ನಾವಿಬ್ಬರೂ ಸೇರಿ ಜೋಡಿಸುತ್ತಿದ್ದೇವೆ. ಶಾಲೆಯ ಲಿಟಲ್ ಕೈಟ್ಸ್ ಎಂಬ ಐಟಿ ಕ್ಲಬ್ಬಿನ ಘಟಕದಲ್ಲಿ ಅವಳು ಆರ್ಡುಯಿನೊ ಬೋರ್ಡಿಗೆ ಜಂಪರ್ ವಯರ್ ಸಿಕ್ಕಿಸಿ ಎಲ್‌ಇಡಿ ಬೆಳಗಿಸಿದ್ದಾಳೆ. ಬೆಸುಗೆ ಹಾಕುವುದು ಮಾತ್ರ ಇಬ್ಬರಿಗೂ ಹೊಸದು.

ನಮ್ಮಲ್ಲಿರುವುದು 25 ವ್ಯಾಟ್‌ನ ಸಾಧಾರಣ ಸೋಲ್ಡರಿಂಗ್ ಐರನ್ ಮತ್ತು 60/40 (ತವರ 60, ಸೀಸ 40 ಪಾಲು) ಬೆಸುಗೆ ತಂತಿ. ಬೋರ್ಡಿನಲ್ಲಿ ಸೆನ್ಸರಿನ ಸಂಕೇತವನ್ನು ಹೋಲಿಸಿ ನೋಡುವ ಎಲ್‌ಎಂ358 ಹಾಗೂ ಮೋಟಾರ್‌ಗಳನ್ನು ಓಡಿಸುವ ಎಲ್293ಡಿ ಐಸಿಗಳಿಗೆ ಸಾಕೆಟ್‌ಗಳಿವೆ, ಎರಡು ಹಳದಿ ಬಿಒ (ಬ್ಯಾಟರಿಯಲ್ಲಿ ಓಡುವ ಗೇರಿನ) ಮೋಟಾರ್‌ಗಳಿವೆ. ಹಲವು ಕಡೆ ಬೆಸುಗೆ ಹರಡದೆ ಉಂಡೆಗಟ್ಟಿ ಮಂಕಾಗಿ ಕುಳಿತಿದೆ. ಎಡಗಡೆಯ ಮೋಟಾರ್ ಸರಿಯಾಗಿ ತಿರುಗುತ್ತದೆ, ಬಲಗಡೆಯದು ಬೋರ್ಡನ್ನು ಬೆರಳಿನಿಂದ ಒತ್ತಿದಾಗ ಮಾತ್ರ ಒಮ್ಮೆ ಅದುರಿ ನಿಲ್ಲುತ್ತದೆ. ಹೆಚ್ಚು ಬಿಸಿಯಾದರೆ ಬಿಡಿಭಾಗಗಳು ಸುಟ್ಟುಹೋದಾವೆಂಬ ಭಯದಿಂದ ನಾವು ಐರನ್ನಿನ ಬಿಸಿ ತುದಿಯಾದ ಬಿಟ್ಟನ್ನು ಮುಟ್ಟಿಸಿದ ಕೂಡಲೇ ತೆಗೆಯುತ್ತಿದ್ದೇವೆ. ತಪ್ಪು ಎಲ್ಲಿದೆ? ಅಲ್ಲದೆ, ಬೆಸುಗೆಯ ಹೊಗೆಯಲ್ಲಿ ಸೀಸ ಇರುತ್ತದೆಯೇ, ಮಗಳ ಆರೋಗ್ಯಕ್ಕೆ ಅದರಿಂದ ತೊಂದರೆಯಿದೆಯೇ ಎಂಬುದನ್ನೂ ತಿಳಿಸಬೇಕಾಗಿ ಕೋರುತ್ತೇನೆ.

ಕುಂಬಳೆ ರೇಡಿಯೊ

ಬೋರ್ಡನ್ನು ಒತ್ತಿದಾಗ ಮೋಟಾರ್ ಅದುರುತ್ತದೆಂದರೆ ಎಲ್ಲೋ ಒಂದು ಬೆಸುಗೆ ನೋಟಕ್ಕಷ್ಟೇ ಅಂಟಿಕೊಂಡಿದೆ. ಕೆಸುವಿನ ಎಲೆಯ ಮೇಲೆ ಬಿದ್ದ ನೀರು ಎಲೆಯನ್ನು ತೋಯಿಸದೆ ಉರುಳಾಡುವುದನ್ನು ನೀವು ನೋಡಿರುತ್ತೀರಿ. ತಣ್ಣಗಿನ ಪ್ಯಾಡಿನ (ಪಿನ್ನಿನ ಸುತ್ತಲಿನ ತಾಮ್ರದ ಬಿಲ್ಲೆಯ) ಮೇಲೆ ಬಿದ್ದ ಬೆಸುಗೆಯೂ ಹಾಗೆಯೇ ಉಂಡೆಯಾಗುತ್ತದೆ. ನಿಮ್ಮ ತಂತಿ ಸುಮಾರು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗುತ್ತದೆ, ಆದರೆ ತಂತಿ ಕರಗಿದರೆ ಸಾಲದು, ತಾಮ್ರದ ಪ್ಯಾಡೂ ಪಿನ್ನೂ ಅಷ್ಟೇ ಕಾಯಬೇಕು. ಸುಟ್ಟೀತೆಂಬ ಭಯದಿಂದ ಬೇಗ ಕೈತೆಗೆಯುವುದೇ ನಿಮ್ಮ ತೊಂದರೆಯ ಮೂಲವೆಂದು ನನಗೆ ಖಚಿತವಾಗಿ ತೋರುತ್ತದೆ.

ಬಿಟ್ಟಿನ ತುದಿಯನ್ನು ಪ್ಯಾಡಿಗೂ ಪಿನ್ನಿಗೂ ಒಟ್ಟಿಗೆ ತಾಗುವಂತೆ ಇರಿಸಿ, ಒಂದು ಸೆಕೆಂಡಿನ ಬಳಿಕ ತಂತಿಯನ್ನು ಬಿಟ್ಟಿಗಲ್ಲ, ಎದುರು ಬದಿಯಿಂದ ಪಿನ್ನಿನ ಬುಡಕ್ಕೆ ತಾಗಿಸಿರಿ. ಬೆಸುಗೆ ತಾನಾಗಿ ಹರಿದು ಪಿನ್ನನ್ನು ಸುತ್ತುವರಿದು ಸಣ್ಣ ಗೋಪುರದಂತಾದಾಗ ಮೊದಲು ತಂತಿಯನ್ನು, ಆಮೇಲೆ ಬಿಟ್ಟನ್ನು ತೆಗೆಯಿರಿ. ಒಟ್ಟು ಮೂರು ನಾಲ್ಕು ಸೆಕೆಂಡುಗಳ ಕೆಲಸವಿದು, ಇಷ್ಟಕ್ಕೆ ಸಾಕೆಟ್ ಕರಗುವುದಿಲ್ಲ. ಬಿಟ್ಟಿನ ಮೇಲೆ ಬೆಸುಗೆಯನ್ನು ಕರಗಿಸಿಕೊಂಡು ಹೋಗಿ ಅಂಟಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ, ತಂತಿಯ ಒಳಗಿರುವ, ಬೆಸುಗೆ ಹಿಡಿಯಲು ಲೋಹವನ್ನು ಶುಚಿಮಾಡುವ ಫ್ಲಕ್ಸ್ ದಾರಿಯಲ್ಲೇ ಹೊಗೆಯಾಗಿ ಹೋಗುತ್ತದೆ. ಬಿಟ್ ಕಪ್ಪಾಗಿದ್ದರೆ ಶಾಖ ದಾಟುವುದಿಲ್ಲವಾದ್ದರಿಂದ ಒದ್ದೆ ಸ್ಪಂಜಿನಲ್ಲಿ ಒರೆಸಿ, ಕೂಡಲೇ ತುದಿಗೆ ಹೊಸ ಬೆಸುಗೆ ಸವರಿ ಬೆಳ್ಳಗಾಗಿಸಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಕಡೆ ಬೇಸಗೆಯಲ್ಲಿ ತೋಟಗಳ ಪಂಪುಗಳು ಓಡುವಾಗ ವೋಲ್ಟೇಜ್ ಇಳಿಯುವುದು ಹೊಸತಲ್ಲ. ಸಾಧಾರಣ ಐರನ್ನಿನ ಶಾಖ ವೋಲ್ಟೇಜಿನ ವರ್ಗಕ್ಕೆ (ಸ್ಕ್ವೇರ್) ಅನುಗುಣವಾಗಿ ಕಡಿಮೆಯಾಗುವುದರಿಂದ 230ರ ಬದಲು 180 ವೋಲ್ಟ್ ಬಂದರೆ ನಿಮ್ಮ 25 ವ್ಯಾಟ್ ಐರನ್ ಸುಮಾರು 15 ವ್ಯಾಟ್‌ನದಾಗಿಬಿಡುತ್ತದೆ. ಎಲ್293ಡಿಯ ನಡುವಿನ 4, 5, 12 ಮತ್ತು 13ನೆಯ ಪಿನ್‌ಗಳು ಗ್ರೌಂಡ್. ಐಸಿಯ ಬಿಸಿಯನ್ನು ಹೊರಹಾಕಲೆಂದು ಅವುಗಳನ್ನು ಅಗಲವಾದ ತಾಮ್ರಕ್ಕೆ ಜೋಡಿಸಿರುತ್ತಾರೆ. ಆ ತಾಮ್ರವೇ ನಿಮ್ಮ ಬಿಟ್ಟಿನ ಶಾಖವನ್ನೂ ಎಳೆದುಕೊಳ್ಳುತ್ತದೆ. ಅಲ್ಲಿ ಇನ್ನೂ ಎರಡು ಮೂರು ಸೆಕೆಂಡು ಹೆಚ್ಚು ನಿಲ್ಲಿ.

ಮುಳ್ಳೇರಿಯದ ಮೇಸ್ಟ್ರು

ಅಣ್ಣನವರು ಹೇಳಿದ ಕ್ರಮ ಸರಿಯಾದದ್ದೇ, ಆದರೆ ಎಲ್ಲ ಬೆಸುಗೆಗಳನ್ನೂ ಮತ್ತೆ ಕರಗಿಸುವ ಮೊದಲು ದೋಷ ಯಾವ ಕಡೆಯಿದೆಯೆಂದು ಕಂಡುಕೊಳ್ಳುವುದು ಒಳ್ಳೆಯದು, ಏಕೆಂದರೆ ಪದೇ ಪದೇ ಕಾಯಿಸಿದರೆ ಅಗ್ಗದ ಬೋರ್ಡುಗಳಲ್ಲಿ ಪ್ಯಾಡೇ ಎದ್ದುಬರುತ್ತದೆ. ಎರಡು ಮೋಟಾರ್‌ಗಳ ವಯರ್‌ಗಳನ್ನು ಅದಲು ಬದಲು ಮಾಡಿ ನೋಡಿರಿ. ಬಲಗಡೆಯ ಮೋಟಾರ್ ಈಗ ತಿರುಗಿ ಎಡಗಡೆಯದು ನಿಂತರೆ ಮೋಟಾರ್‌ಗಳು ಸರಿಯಿವೆ, ದೋಷ ಬೋರ್ಡಿನದು. ಎಲ್293ಡಿಯ ಒಂದು ಅರ್ಧವನ್ನು 1ನೆಯ ಪಿನ್, ಇನ್ನೊಂದು ಅರ್ಧವನ್ನು 9ನೆಯ ಪಿನ್ ಚಾಲೂ ಮಾಡುತ್ತದೆ. ಅವುಗಳಲ್ಲಿ ಒಂದರ ಬೆಸುಗೆ ಸಡಿಲವಾದರೂ ಆ ಬದಿಯ ಮೋಟಾರ್ ಮಲಗಿಬಿಡುತ್ತದೆ. ಬ್ಯಾಟರಿ ಬಿಚ್ಚಿ, ಐಸಿಯನ್ನು ಸಾಕೆಟ್ಟಿನಿಂದ ತೆಗೆದು, ಮಲ್ಟಿಮೀಟರನ್ನು ಬೀಪ್ ಶಬ್ದ ಬರುವ ಸ್ಥಾನದಲ್ಲಿಟ್ಟು ಸಾಕೆಟ್ಟಿನ ಒಳಗಿನಿಂದ ತಾಮ್ರದ ದಾರಿಯ ಮುಂದಿನ ಬಿಂದುವಿನವರೆಗೆ ಪರೀಕ್ಷಿಸಿರಿ.

ಕಿಟ್ ಒಂದು ಮಳೆಗಾಲವನ್ನು ಕಳೆದಿದೆ ಎಂದಿದ್ದೀರಿ. ನಮ್ಮ ಕರಾವಳಿಯ ತೇವಕ್ಕೆ ತಾಮ್ರ ಕಪ್ಪಿಡುತ್ತದೆ, ಕಪ್ಪಿಟ್ಟ ತಾಮ್ರಕ್ಕೆ ಬೆಸುಗೆ ಹಿಡಿಯುವುದಿಲ್ಲ. ಬೆಸುಗೆ ಹಾಕದ ಪ್ಯಾಡ್‌ಗಳನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು. ಪಾತ್ರೆ, ತಗಡುಗಳಿಗೆ ಬಳಸುವ ಆಮ್ಲವುಳ್ಳ ಫ್ಲಕ್ಸನ್ನು ದಯವಿಟ್ಟು ಹಚ್ಚಬೇಡಿ, ಅದು ಆಮೇಲೆ ತಾಮ್ರವನ್ನೇ ತಿನ್ನುತ್ತದೆ. ಮರದ ರಾಳದಿಂದಾದ ರೋಸಿನ್ ಫ್ಲಕ್ಸ್ ಆಗಬಹುದು.

ಪೆರ್ಲದ ಲ್ಯಾಬ್ ಅಕ್ಕ

ಹೊಗೆಯ ಬಗ್ಗೆ ಹೇಳುತ್ತೇನೆ. ಈ ಉಷ್ಣತೆಯಲ್ಲಿ ಸೀಸ ಗಾಳಿಗೆ ಸೇರುವುದು ನಗಣ್ಯ. ಕಣ್ಣಿಗೆ ಕಾಣುವುದು ರೋಸಿನ್ನಿನ ಹೊಗೆ. ಹಾಗೆಂದು ಅದು ನಿರುಪದ್ರವಿಯಲ್ಲ, ಉಬ್ಬಸ ಇರುವವರಿಗೆ ಅದು ಕೂಡದು. ಒಳಕೋಣೆಗಿಂತ ಜಗಲಿಯಲ್ಲಿ ಕುಳಿತು, ಮುಖವನ್ನು ಹೊಗೆಯ ನೇರಕ್ಕೆ ಬಗ್ಗಿಸದೆ ಕೆಲಸ ಮಾಡಿರಿ. ಸೀಸ ದೇಹವನ್ನು ಸೇರುವುದು ಮುಖ್ಯವಾಗಿ ಕೈಯಿಂದ ಬಾಯಿಗೆ, ಆದ್ದರಿಂದ ಕೆಲಸದ ನಡುವೆ ತಿಂಡಿ ತಿನ್ನಬಾರದು, ಮುಗಿದ ಮೇಲೆ ಸೋಪು ಹಚ್ಚಿ ಕೈತೊಳೆಯಬೇಕು. ಸೀಸವಿಲ್ಲದ ತಂತಿ ಸುಮಾರು 217 ಡಿಗ್ರಿಯ ಮೇಲೆ ಕರಗುವುದರಿಂದ ನಿಮ್ಮ ಐರನ್ನಿನಲ್ಲಿ ಕಲಿಯುವವರಿಗೆ ಅದು ಇನ್ನೂ ಕಷ್ಟವಾದೀತು. ಪಿನ್ ಕತ್ತರಿಸುವಾಗ ತುಂಡು ಕಣ್ಣಿಗೆ ಹಾರುತ್ತದೆ, ಕನ್ನಡಕ ಬೇಕೇ ಬೇಕು. ಮತ್ತೆ, ಐರನ್ ಮಗಳ ಕೈಯಲ್ಲೇ ಇರಲಿ, ನೀವು ಬೋರ್ಡನ್ನು ಅಲುಗದಂತೆ ಹಿಡಿಯಿರಿ. ಬೆಸುಗೆ ಆರುವ ಹೊತ್ತಿಗೆ ಪಿನ್ ಅಲುಗಿದರೂ ಅದು ಮಂಕಾಗಿ ಬಿರುಕು ಬಿಡುತ್ತದೆ.

ನೀರ್ಚಾಲಿನ ಪೋಷಕ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ವಯರ್‌ಗಳನ್ನು ಅದಲು ಬದಲು ಮಾಡಿದಾಗ ದೋಷ ಬೋರ್ಡಿನದೆಂದು ತಿಳಿಯಿತು. ಮಗಳೇ ಮೀಟರ್ ಹಿಡಿದು ಹುಡುಕಿದಾಗ 9ನೆಯ ಪಿನ್ನಿನಲ್ಲಿ ಬೀಪ್ ಬರಲಿಲ್ಲ. 12 ಮತ್ತು 13ರಲ್ಲಿ ಒತ್ತಿದರೆ ಬರುತ್ತಿತ್ತು, ಬಿಟ್ಟರೆ ಇಲ್ಲ. ಇಂದು ಬೆಳಗ್ಗೆ ಆರು ಗಂಟೆಗೆ, ಪಂಪುಗಳು ಹೊರಡುವ ಮೊದಲು, ಹಳೆಯ ಬೆಸುಗೆಯನ್ನು ಡಿಸೋಲ್ಡರ್ ಪಂಪಿನಿಂದ ಹೀರಿ ತೆಗೆದು ಹೊಸತಾಗಿ ಹಾಕಿದಳು. ಗ್ರೌಂಡ್ ಪಿನ್‌ಗಳಲ್ಲಿ ಅವಳು ಆರರವರೆಗೆ ಎಣಿಸುತ್ತ ಕಾದಳು, ಬೆಸುಗೆ ಒಮ್ಮೆಲೇ ಹೊಳೆದು ಹರಿದುದನ್ನು ನಾನೂ ಕಂಡೆ. ಎರಡೂ ಮೋಟಾರ್‌ಗಳು ಈಗ ತಿರುಗುತ್ತಿವೆ.

ಜಗಲಿಯ ಕೆಂಪು ನೆಲದ ಮೇಲೆ ಕಪ್ಪು ಟೇಪು ಅಂಟಿಸಿ ಬಿಟ್ಟಾಗ ಮಾತ್ರ ರೋಬೋಟ್ ಗೆರೆಯನ್ನು ಗುರುತಿಸದೆ ನೇರ ಹೋಯಿತು.

ಮುಳ್ಳೇರಿಯದ ಮೇಸ್ಟ್ರು

ಬಹಳ ಸಂತೋಷ. ಸೆನ್ಸರ್ ಗೆರೆಯನ್ನೂ ನೆಲವನ್ನೂ ಬೇರೆ ಬೇರೆಯಾಗಿ ಗುರುತಿಸುವ ಹೋಲಿಕೆಯ ಮಟ್ಟ ಆ ನೆಲಕ್ಕೆ ಇನ್ನೂ ಹೊಂದಿರಲಿಕ್ಕಿಲ್ಲ. ಮೊದಲು ಬಿಳಿಯ ಚಾರ್ಟ್ ಪೇಪರಿನ ಮೇಲೆ ಟೇಪು ಅಂಟಿಸಿ, ಸೆನ್ಸರನ್ನು ಗೆರೆಯ ಮೇಲೆ ಹಾಗೂ ಹೊರಗೆ ಇಡುತ್ತ, ಅದರ ಎಲ್‌ಇಡಿ ಎರಡು ಕಡೆ ಬೇರೆ ಬೇರೆ ಸ್ಥಿತಿ ತೋರಿಸುವವರೆಗೆ ಪ್ರಿಸೆಟ್ಟನ್ನು (ಆ ಮಟ್ಟವನ್ನು ಹೊಂದಿಸುವ ಪುಟ್ಟ ತಿರುಪನ್ನು) ಸಣ್ಣ ಸ್ಕ್ರೂಡ್ರೈವರಿನಿಂದ ತಿರುಗಿಸಲು ಮಗಳಿಗೆ ಹೇಳಿ. ಬಿಸಿಲು ನೇರ ಬೀಳುವ ಜಾಗ ಬೇಡ, ಸೆನ್ಸರ್ ಗುರುತಿಸುವ ಇನ್‌ಫ್ರಾರೆಡ್ ಕಿರಣಗಳು ಬಿಸಿಲಿನಲ್ಲೂ ಇರುತ್ತವೆ.