ಸಹಾಯ ಬೇಕು: ದೂರಕ್ಕೆ ಕಾಸ್ಟ್ ಮಾಡಿದಾಗೆಲ್ಲ ಟಿಪೆಟ್‌ಗೆ ಗಂಟು

ಎಲ್ಲರಿಗೂ ನಮಸ್ಕಾರ. ನಾನು ಕೊಲರಾಡೊದಲ್ಲಿದ್ದೇನೆ, ಫ್ಲೈ ಫಿಶಿಂಗ್ (ಹುಳುವಿನಂಥ ಹಗುರ ನಕಲಿ ಎರೆಯನ್ನು, ಅಂದರೆ ಫ್ಲೈಯನ್ನು, ದೂರಕ್ಕೆ ಬೀಸಿ ಮೀನು ಹಿಡಿಯುವುದು; ಆ ಬೀಸುವುದೇ ಕಾಸ್ಟ್) ಹುಚ್ಚು ಜಾಸ್ತಿ. ಸೌತ್ ಪ್ಲಾಟ್ ನದಿಯಲ್ಲಿ, ಡೆಕರ್ಸ್ ಊರಿನ ಹತ್ತಿರ ಟ್ರೌಟ್ ಮೀನು ಹಿಡಿಯಲು ಹೋಗುತ್ತೇನೆ (ಹಿಡಿದು ವಾಪಸ್ ಬಿಡುತ್ತೇನೆ, ಬಯ್ಯಬೇಡಿ).

ರಾಡ್ 9 ಅಡಿ, 5 ವೆಯ್ಟ್ (ಎಷ್ಟು ತೂಕದ ಲೈನ್‌ಗೆ ಹೊಂದುತ್ತದೆ ಅನ್ನುವ ಅಳತೆ). ವೆಯ್ಟ್ ಫಾರ್ವರ್ಡ್ ಫ್ಲೋಟಿಂಗ್ ಲೈನ್ (ಮುಂಭಾಗ ಭಾರವಿರುವ, ನೀರಿನ ಮೇಲೆ ತೇಲುವ ದಾರ), ಅದರ ಮುಂದೆ 9 ಅಡಿ ಲೀಡರ್ (ತೆಳ್ಳಗಾಗುತ್ತಾ ಹೋಗುವ ದಾರ), ತುದಿಗೆ 5ಎಕ್ಸ್ ದಪ್ಪದ ಟಿಪೆಟ್ (ಫ್ಲೈ ಕಟ್ಟುವ ಸಣ್ಣ ಎಳೆ). 30 ಅಡಿವರೆಗೆ ಲೂಪ್ (ಬೀಸಿದಾಗ ಗಾಳಿಯಲ್ಲಿ ಲೈನ್ ಮಡಿಚಿ ಆಗುವ U ಆಕಾರ) ಚೆನ್ನಾಗಿ ಬಿಚ್ಚಿಕೊಳ್ಳುತ್ತದೆ. 45 ಅಡಿಗೆ ಹೋದರೆ ಸಾಕು, ಮುಂದಕ್ಕೆ ಬೀಸಿದಾಗ ಲೂಪಿನ ಮೇಲಿನ ದಾರ ಕುಸಿದು ಕೆಳಗಿನದನ್ನು ಅಡ್ಡ ದಾಟುತ್ತದೆ. ಎಳೆದು ನೋಡಿದರೆ ಟಿಪೆಟ್‌ನಲ್ಲಿ ಸಾಸಿವೆಗಿಂತ ಸಣ್ಣ ಗಂಟು. ಗಾಳಿಯ ಮೇಲೆ ತಪ್ಪು ಹೊರಿಸುವ ಹಾಗಿಲ್ಲ, ಎಲೆ ಅಲ್ಲಾಡದ ಬೆಳಿಗ್ಗೆಯೂ ಹೀಗೇ. ಒಳ್ಳೆ ಮೀನು ಸಿಕ್ಕಾಗ ಸರಿಯಾಗಿ ಅಲ್ಲೇ ಪಟ್ ಅಂತ ಕಡಿಯುತ್ತದೆ!

ಹಿಂದಕ್ಕೆ ಬೀಸಿ, ಲೈನ್ ಪೂರ್ತಿ ಚಾಚುವವರೆಗೆ ಕಾದು ನೋಡಿದೆ. ಪಾರ್ಕಿನ ಹುಲ್ಲಿನ ಮೇಲೆ, ಫ್ಲೈ ಬದಲು ಉಣ್ಣೆ ಚೂರು ಕಟ್ಟಿ ಅಭ್ಯಾಸ ಮಾಡಿದೆ. ಬೀಸುವ ಕೋನ ಅಗಲ ಮಾಡಿದರೆ ಗಂಟು ಬೀಳುವುದಿಲ್ಲ, ಆದರೆ ಲೂಪ್ ಸಿಕ್ಕಾಪಟ್ಟೆ ದೊಡ್ಡದಾಗಿ ಫ್ಲೈ ಅರ್ಧದಲ್ಲೇ ಬೀಳುತ್ತದೆ. ಸ್ಲೋ ಮೋಷನ್ ವಿಡಿಯೊ ತೆಗೆದಾಗ ಒಂದು ಕಂಡಿತು: ಬೀಸುವ ಮಧ್ಯೆ ರಾಡಿನ ತುದಿ ತಗ್ಗಿ ಮತ್ತೆ ಮೇಲೇಳುತ್ತದೆ.

ಅದು ಯಾಕೆ ತಗ್ಗುತ್ತದೆ ಅನ್ನುವುದೇ ಗೊತ್ತಾಗುತ್ತಿಲ್ಲ. ಶುರುವಿನಲ್ಲೇ ಜೋರು ಹಾಕುತ್ತಿದ್ದೇನಾ? ಅಥವಾ ಹಿಂದೆ ಕಾಯುವಾಗ ಕೈ ಸುಮ್ನೆ ಮುಂದಕ್ಕೆ ಜರುಗಿ ಬೀಸುವ ಜಾಗ ಕಮ್ಮಿ ಆಗುತ್ತಿದೆಯಾ? ಇವೆರಡರಲ್ಲಿ ಯಾವುದು ಅಂತ ಒಬ್ಬನೇ ಇದ್ದಾಗ ಕಂಡುಹಿಡಿಯುವುದು ಹೇಗೆ? ಕೋನ ಅಗಲ ಮಾಡದೆ ಇದನ್ನು ಸರಿಪಡಿಸುವ ಅಭ್ಯಾಸ ಯಾವುದಾದರೂ ಇದ್ದರೆ ಹೇಳುತ್ತೀರಾ?